ಹಾಡು ಬೇಕು, ಬಾಯಿ ಬೇಡ

ಆಸ್ಟ್ರೇಲಿಯಾದಲ್ಲಿ ಎರಡು ಫೂಟಿಗಳಿವೆ, ಅಂದರೆ ಎರಡು ಬಗೆಯ ಫುಟ್‌ಬಾಲ್. ಮೆಲ್ಬರ್ನ್ ಕಡೆಯವರದು ಎಎಫ್‌ಎಲ್, ಅಂದರೆ ಆಸ್ಟ್ರೇಲಿಯಾದ್ದೇ ನಿಯಮಗಳ ಫುಟ್‌ಬಾಲ್. ಸಿಡ್ನಿ, ಬ್ರಿಸ್ಬೇನ್ ಕಡೆಯವರದು ಎನ್‌ಆರ್‌ಎಲ್, ಅಂದರೆ ರಗ್ಬಿ ಲೀಗ್. ಸೆಪ್ಟೆಂಬರ್ ಮುಗಿದು ಅಕ್ಟೋಬರ್ ಶುರುವಾಗುವ ಹೊತ್ತಿಗೆ ಎರಡಕ್ಕೂ ಗ್ರ್ಯಾಂಡ್ ಫೈನಲ್ ಬರುತ್ತದೆ. ಆಟಕ್ಕೆ ಮುಂಚೆ ಮೈದಾನದ ಮೇಲೆ ಸ್ಟೇಜ್ ಹಾಕಿ, ಹೊರದೇಶದ ಯಾರಾದರೂ ದೊಡ್ಡ ಗಾಯಕರನ್ನು ಕರೆಸಿ ಒಂದಿಷ್ಟು ಹೊತ್ತು ಹಾಡಿಸುವುದು ವಾಡಿಕೆ. ಸಾಮಾನ್ಯವಾಗಿ ಆ ಹಾಡಿನ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಕೆಟ್ಟದಾಗಿ ಹಾಡಿದರೆ ಮಾತ್ರ ನೆನಪಿಟ್ಟುಕೊಳ್ಳುತ್ತಾರೆ. 2011ರಲ್ಲಿ ಮೆಲ್ಬರ್ನ್‌ನಲ್ಲಿ ಮೀಟ್ ಲೋಫ್ ಹಾಡಿದ್ದನ್ನು ಜನ ಇವತ್ತಿಗೂ ಆಡಿಕೊಂಡು ನಗುತ್ತಾರೆ.

2017ರಲ್ಲಿ ಮಾತ್ರ ಕಥೆ ಬೇರೆಯಾಯಿತು. ಗಾಯಕ ಇನ್ನೂ ವಿಮಾನ ಹತ್ತುವ ಮೊದಲೇ ದೇಶವೆಲ್ಲಾ ಜಗಳ ಶುರು.

ಎನ್‌ಆರ್‌ಎಲ್‌ನವರು ಆ ವರ್ಷ ಕರೆದಿದ್ದು ಮ್ಯಾಕ್ಲ್‌ಮೋರ್‌ನನ್ನು. ಸಿಯಾಟಲ್‌ನ ರ‍್ಯಾಪರ್, ಬಿಳಿಯ, ನಿಜವಾದ ಹೆಸರು ಬೆನ್ ಹ್ಯಾಗರ್ಟಿ. ಹಳೇ ಬಟ್ಟೆ ಅಂಗಡಿಯ ಮೇಲೆ ಅವನು ಕಟ್ಟಿದ ‘ಥ್ರಿಫ್ಟ್ ಶಾಪ್’ ಹಾಡು ಆಸ್ಟ್ರೇಲಿಯಾದಲ್ಲಿ ಎಷ್ಟು ಹುಚ್ಚು ಹಿಡಿಸಿತ್ತು ಅಂದರೆ, ಇಲ್ಲಿನ ಟ್ರಿಪಲ್ ಜೆ ರೇಡಿಯೋ ಕೇಳುಗರಿಂದ ಮತ ಹಾಕಿಸಿ ಮಾಡುವ ನೂರು ಹಾಡುಗಳ ಪಟ್ಟಿಯಲ್ಲಿ 2012ಕ್ಕೆ ಅದೇ ಮೊದಲ ಸ್ಥಾನ ಪಡೆದಿತ್ತು. ಫೂಟಿ ನೋಡುವ ಹುಡುಗರಿಗೆ ಅವನು ಗೊತ್ತು. ಕುಣಿಸುತ್ತಾನೆ, ನಗಿಸುತ್ತಾನೆ. ಕರೆದವರು ಅಷ್ಟು ಲೆಕ್ಕ ಹಾಕಿದ್ದಿರಬೇಕು.

ಆದರೆ ಅವನ ಹತ್ತಿರ ಇನ್ನೊಂದು ಹಾಡಿತ್ತು. ‘ಸೇಮ್ ಲವ್’. 2012ರಲ್ಲಿ ಅವನ ಸ್ವಂತ ರಾಜ್ಯ ವಾಷಿಂಗ್ಟನ್‌ನಲ್ಲಿ ಸಲಿಂಗ ಮದುವೆಯ ಕಾನೂನಿಗೆ ಜನರ ಮತ ಕೇಳಿದ್ದರು. ಆ ಹೊತ್ತಿನಲ್ಲಿ, ಕಾನೂನಿನ ಪರವಾಗಿ ಬಂದ ಹಾಡು ಅದು. ಅದರ ಮುಖಪುಟದ ಫೋಟೋದಲ್ಲಿ ಇರುವುದು ಅವನ ಚಿಕ್ಕಪ್ಪ ಮತ್ತು ಆ ಚಿಕ್ಕಪ್ಪನ ಸಂಗಾತಿ. ಚಿತ್ರ ಚೆನ್ನಾಗಿ ಬರೆಯುತ್ತೇನೆ, ಹಾಗಾದರೆ ನಾನು ಸಲಿಂಗಿಯಾ ಅಂತ ಮೂರನೇ ಕ್ಲಾಸಿನಲ್ಲಿ ತಾನು ಅಳುತ್ತಾ ಅಮ್ಮನನ್ನು ಕೇಳಿದ್ದರಿಂದ ಹಾಡು ಶುರುವಾಗುತ್ತದೆ. ನಡುವೆ ಹಿಪ್-ಹಾಪ್, ಅಂದರೆ ರ‍್ಯಾಪ್ ಸಂಗೀತದ ಲೋಕಕ್ಕೇ ಒಂದು ಏಟು ಕೊಡುತ್ತಾನೆ. ನೀವು ಸಲಿಂಗಿಗಳನ್ನು ಬೈಯುವುದನ್ನೇ ಒಂದು ಗತ್ತು ಮಾಡಿಕೊಂಡಿದ್ದೀರಲ್ಲಾ ಅನ್ನುವ ಅರ್ಥದಲ್ಲಿ. ವಾಷಿಂಗ್ಟನ್‌ನಲ್ಲಿ ಕಾನೂನು ಪಾಸಾಯಿತು. ಹಾಡು ಊರೂರು ಸುತ್ತಿತು. 2013ರ ಶುರುವಿನಲ್ಲಿ ಆಸ್ಟ್ರೇಲಿಯಾದ ಪಟ್ಟಿಯಲ್ಲೂ ಮೊದಲ ಸ್ಥಾನಕ್ಕೆ ಬಂದು ಹೋಗಿತ್ತು. ಆಗ ಯಾರೂ ಜಗಳ ಮಾಡಿರಲಿಲ್ಲ.

2017ರಲ್ಲಿ ಜಗಳ ಆಗಿದ್ದು ಅಂಚೆ ಡಬ್ಬದ ದೆಸೆಯಿಂದ.

ಆ ಸೆಪ್ಟೆಂಬರ್ 12ರಿಂದ ಆಸ್ಟ್ರೇಲಿಯಾದ ಪ್ರತಿಯೊಬ್ಬ ಮತದಾರನ ಮನೆಗೂ ಒಂದು ಲಕೋಟೆ ಬರತೊಡಗಿತು. ಒಳಗೆ ಒಂದೇ ಪ್ರಶ್ನೆ. ಸಲಿಂಗಿ ಜೋಡಿಗಳು ಮದುವೆಯಾಗಲು ಅವಕಾಶವಾಗುವಂತೆ ಕಾನೂನು ಬದಲಿಸಬೇಕೇ? ಹೌದು ಅಥವಾ ಇಲ್ಲ. ಗುರುತು ಹಾಕಿ ವಾಪಸ್ ಪೋಸ್ಟ್ ಮಾಡಬೇಕು. ಈ ದೇಶದಲ್ಲಿ ಚುನಾವಣೆಗೆ ಮತ ಹಾಕದಿದ್ದರೆ ದಂಡ ಬೀಳುತ್ತದೆ. ಇದು ಮಾತ್ರ ಬೇಕಿದ್ದರೆ ಹಾಕಿ, ಬೇಡದಿದ್ದರೆ ಬಿಡಿ ಅನ್ನುವ ಲೆಕ್ಕ. ನಡೆಸಿದ್ದು ಚುನಾವಣಾ ಆಯೋಗ ಅಲ್ಲ, ಅಂಕಿಅಂಶ ಇಲಾಖೆ. ಕಾನೂನಿನ ಬಲವೂ ಅದಕ್ಕಿರಲಿಲ್ಲ. ಫಲಿತಾಂಶ ನೋಡಿಕೊಂಡು ಸಂಸತ್ತು ತೀರ್ಮಾನ ಮಾಡಬೇಕು, ಅಷ್ಟೇ. ಸಂಸತ್ತು ತಾನೇ ಮಾಡಬಹುದಾದ ಕೆಲಸವನ್ನು 8 ಕೋಟಿ ಡಾಲರ್ ಖರ್ಚು ಮಾಡಿ ಜನರ ಮೇಲೆ ಹೊರಿಸಿದ್ದರು. ನನಗೆ ಆಗಲೂ ಅದು ಹೇಡಿತನ ಅನಿಸಿತ್ತು, ಈಗಲೂ ಅನಿಸುತ್ತದೆ. ಒಬ್ಬರ ಮದುವೆ ಸರಿಯೋ ತಪ್ಪೋ ಅಂತ ಪಕ್ಕದ ಮನೆಯವರಿಗೆ ಕಾಗದ ಬರೆದು ಕೇಳುವುದು ಯಾವ ಮರ್ಯಾದೆ?

ಲಕೋಟೆ ವಾಪಸ್ ಕಳಿಸಲು ನವೆಂಬರ್ 7 ಕೊನೆಯ ದಿನ. ಎನ್‌ಆರ್‌ಎಲ್ ಗ್ರ್ಯಾಂಡ್ ಫೈನಲ್ ಅಕ್ಟೋಬರ್ 1. ಲಕೋಟೆಗಳು ಓಡಾಡುತ್ತಿದ್ದ ಹೊತ್ತಿಗೇ.

ಮ್ಯಾಕ್ಲ್‌ಮೋರ್ ‘ಸೇಮ್ ಲವ್’ ಹಾಡುತ್ತಾನಂತೆ ಅನ್ನುವ ಸುದ್ದಿ ಬಂದದ್ದೇ ತಡ, ಹಳೇ ಆಟಗಾರರೊಬ್ಬರು ಸಹಿ ಸಂಗ್ರಹ ಶುರು ಮಾಡಿದರು. ಹೆಂಡತಿ ಮಕ್ಕಳ ಜೊತೆ ಕೂತು ಆಟ ನೋಡುವವರಿಗೆ ಮುಜುಗರವಾಗುತ್ತದೆ, ಆ ಹಾಡು ಬೇಡ ಅನ್ನುವುದು ಅದರ ಸಾರ. ಮಾಜಿ ಪ್ರಧಾನಿ ಟೋನಿ ಅಬಾಟ್ ದನಿ ಸೇರಿಸಿದರು. ಫೂಟಿ ಅಭಿಮಾನಿಗಳ ಮೇಲೆ ರಾಜಕೀಯ ಹೇರಬಾರದು, ಕ್ರೀಡೆ ಕ್ರೀಡೆಯಾಗಿರಲಿ ಅಂದರು. ಮಂತ್ರಿ ಪೀಟರ್ ಡಟನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪರವಾಗಿ ಒಂದು ಹಾಡಾದರೆ ವಿರುದ್ಧವಾಗಿಯೂ ಒಂದು ಹಾಡು ಹಾಕಿ ಅಂದರು. ಆ ವಿರುದ್ಧದ ಹಾಡು ಯಾವುದು, ಯಾರು ಹಾಡಬೇಕು ಅನ್ನುವುದನ್ನು ನೆನೆಸಿಕೊಂಡೇ ನಾವು ಆಫೀಸಿನಲ್ಲಿ ಒಂದು ಮಧ್ಯಾಹ್ನ ಕಳೆದೆವು. ತಮಾಷೆ ಅಂದರೆ, ಅದೇ ಸರ್ಕಾರದ ಅಟಾರ್ನಿ ಜನರಲ್ ಜಾರ್ಜ್ ಬ್ರಾಂಡಿಸ್ ಅಬಾಟ್ ವಿರುದ್ಧವೇ ಮಾತಾಡಿದರು. ವಾಕ್ ಸ್ವಾತಂತ್ರ್ಯದ ಬಗ್ಗೆ ಭಾಷಣ ಮಾಡುವವರು ಒಬ್ಬ ಹಾಡುಗಾರನ ಹೆಸರುವಾಸಿ ಹಾಡನ್ನೇ ನಿಲ್ಲಿಸಿ ಅನ್ನುವುದು ವಿಚಿತ್ರ ಅಂದರು. ಅಬಾಟ್ ಅವರ ಸ್ವಂತ ತಂಗಿ ಸಲಿಂಗಿ. ಸಿಡ್ನಿಯಲ್ಲಿ ಕೌನ್ಸಿಲರ್ ಆಗಿದ್ದವರು, ‘ಹೌದು’ ಪ್ರಚಾರದಲ್ಲಿ ಮುಂದೆ ನಿಂತವರು. ಅವರೂ ಅಣ್ಣನಿಗೆ ಎಲ್ಲರೆದುರೇ ಉತ್ತರ ಕೊಟ್ಟರು. ಮನೆ ಜಗಳ ಟ್ವಿಟರ್‌ಗೆ ಬಂದಿತ್ತು.

ಮೇಲಿನವರ ಮಾತು ಹಾಗಿರಲಿ. ನನಗೆ ಜಾಸ್ತಿ ಕುತೂಹಲ ಇದ್ದದ್ದು ಅಕ್ಕಪಕ್ಕದವರ ಮಾತಿನಲ್ಲಿ.

ನಾವಿರುವುದು ಪ್ಯಾರಮಾಟಾ ಹತ್ತಿರ, ಸಿಡ್ನಿಯ ಪಶ್ಚಿಮಕ್ಕೆ. ನಮ್ಮ ಕನ್ನಡದವರು, ತಮಿಳರು, ಗುಜರಾತಿಗಳು, ಚೀನೀಯರು, ಲೆಬನಾನ್‌ನಿಂದ ಬಂದವರು, ಎಲ್ಲ ಕಲೆತಿರುವ ಜಾಗ. ಪಕ್ಕದ ಮನೆಯ ಯಜಮಾನರು ಲೆಬನಾನ್ ಮೂಲದ ಕ್ರಿಶ್ಚಿಯನ್. ಬುಲ್‌ಡಾಗ್ಸ್ ತಂಡ ಸೋತರೆ ಎರಡು ದಿನ ಯಾರ ಜೊತೆಯೂ ಸರಿಯಾಗಿ ಮಾತಾಡದ ಅಭಿಮಾನಿ. ಅವರು ಸಹಿ ಹಾಕಿದ್ದರು. ಬೇಲಿಯ ಆಚೆ ನಿಂತು ನನಗೆ ಹೇಳಿದ್ದು ಇಷ್ಟು: ನನಗೆ ಯಾರ ಮೇಲೂ ದ್ವೇಷ ಇಲ್ಲ, ಆ ಹುಡುಗನ ಬೇರೆ ಹಾಡು ನನ್ನ ಮಗನ ಕಾರಿನಲ್ಲಿ ದಿನಾ ಕೇಳುತ್ತೇನೆ, ಅದನ್ನು ಹಾಡಲಿ, ಇದೊಂದು ಬಿಟ್ಟುಬಿಡಲಿ, ಮೊಮ್ಮಕ್ಕಳು ಕೂತಿರುತ್ತಾರೆ.

ಇದೊಂದು ಬಿಟ್ಟುಬಿಡಲಿ. ಆ ವಾರ ಈ ಮಾತನ್ನು ನಾನು ಬೇರೆ ಬೇರೆ ಬಾಯಲ್ಲಿ ಕೇಳಿದೆ. ನಮ್ಮ ಕನ್ನಡದ ಗುಂಪಿನಲ್ಲೂ ಅದೇ. ಒಬ್ಬರ ಮನೆಯಲ್ಲಿ ಊಟಕ್ಕೆ ಸೇರಿದ್ದೆವು. ಲಕೋಟೆಯ ಮಾತು ಬಂತು. ‘ನಮಗ್ಯಾಕೆ ಬೇಕು ಸಾರ್, ಕಂಪಲ್ಸರಿ ಅಲ್ವಲ್ಲ, ಹಾಗೇ ಇಟ್ಟಿದೀನಿ’ ಅಂದರು ಒಬ್ಬರು. ಇನ್ನೊಬ್ಬರು, ‘ಆಟ ನೋಡೋಕೆ ದುಡ್ಡು ಕೊಟ್ಟಿರ್ತೀವಿ, ಭಾಷಣ ಕೇಳೋಕಲ್ಲ’ ಅಂದರು. ಆಗ ಆ ಮನೆಯ ಹುಡುಗಿ, ಹದಿನಾಲ್ಕು ಹದಿನೈದರ ಪ್ರಾಯ, ತಟ್ಟೆ ಕೈಯಲ್ಲಿ ಹಿಡಿದುಕೊಂಡೇ, ‘ಅಂಕಲ್, ನಿಮಗೆ ಆ ಹಾಡಲ್ಲಿ ಏನಿದೆ ಅಂತ ಗೊತ್ತಾ?’ ಅಂದಳು. ಯಾರಿಗೂ ಗೊತ್ತಿರಲಿಲ್ಲ. ಅವಳಿಗೆ ಇಡೀ ಹಾಡು ಬಾಯಿಪಾಠ. ಅವಳಮ್ಮ ‘ಸಾಕು, ಒಳಗೆ ಹೋಗು’ ಅಂದರು. ಆದರೂ ಊಟ ಮುಗಿಯುವಷ್ಟರಲ್ಲಿ ಅರ್ಧ ಜನ ಫೋನಿನಲ್ಲಿ ಅದನ್ನು ಹುಡುಕಿ ಕೇಳಿದ್ದರು.

ದೇಶದಲ್ಲೂ ಆಗಿದ್ದು ಅದೇ. ಐದು ವರ್ಷ ಹಳೆಯ ಹಾಡು ಗ್ರ್ಯಾಂಡ್ ಫೈನಲ್‌ಗೆ ಮೊದಲೇ ಐಟ್ಯೂನ್ಸ್ ಪಟ್ಟಿಯ ತುದಿಗೆ ಏರಿತು. ಬೇಡ ಅಂದವರೇ ಅದಕ್ಕೆ ಪುಕ್ಕಟೆ ಪ್ರಚಾರ ಕೊಟ್ಟರು. ಮ್ಯಾಕ್ಲ್‌ಮೋರ್ ಸಿಯಾಟಲ್‌ನ ರೇಡಿಯೋದಲ್ಲಿ ಮಾತಾಡುತ್ತಾ, ಆಸ್ಟ್ರೇಲಿಯಾದ ಸಿಟ್ಟಿನ ಮುದುಕರು ತನಗೆ ಟ್ವೀಟ್ ಮಾಡುತ್ತಿದ್ದಾರೆ, ತಾನು ಇನ್ನೂ ಜೋರಾಗಿ ಹಾಡುತ್ತೇನೆ ಅಂದ. ಆ ಹಾಡಿನ ಆಸ್ಟ್ರೇಲಿಯಾ ಗಳಿಕೆಯಲ್ಲಿ ತನ್ನ ಪಾಲನ್ನು ‘ಹೌದು’ ಪ್ರಚಾರಕ್ಕೆ ಕೊಡುವುದಾಗಿಯೂ ಹೇಳಿದ.

‘ಇದೊಂದು ಬಿಟ್ಟುಬಿಡಲಿ’ ಅನ್ನುವುದು ನಮ್ಮವರಿಗೆ ಯಾಕೆ ಅಷ್ಟು ಸಹಜವಾಗಿ ಬರುತ್ತದೆ ಅಂತ ಆಮೇಲೆ ಯೋಚಿಸಿದ್ದೇನೆ. ನಾವು ಬೆಳೆದದ್ದು ಸಿನಿಮಾ ಹಾಡು ಕೇಳಿ. ಅಲ್ಲಿ ಬರೆಯುವವರು ಒಬ್ಬರು, ರಾಗ ಹಾಕುವವರು ಒಬ್ಬರು, ಹಾಡುವವರು ಇನ್ನೊಬ್ಬರು, ತೆರೆಯ ಮೇಲೆ ತುಟಿ ಆಡಿಸುವವರು ಮತ್ತೊಬ್ಬರು. ಹಾಡಿನಲ್ಲಿ ‘ನಾನು’ ಅಂತ ಬಂದರೆ ಅದು ಇವರಲ್ಲಿ ಯಾರೂ ಅಲ್ಲ, ಕಥೆಯಲ್ಲಿರುವ ಪಾತ್ರ. ಗಣೇಶನ ಹಬ್ಬದ ಆರ್ಕೆಸ್ಟ್ರಾದಲ್ಲಿ ಚೀಟಿ ಕಳಿಸಿ ‘ಇದು ಬೇಡ, ಆ ಹಾಡು ಹಾಡಿ’ ಅಂದರೆ ಹಾಡುಗಾರರಿಗೆ ಬೇಸರವೇನೂ ಆಗುವುದಿಲ್ಲ. ಅವರು ಹಾಡುವುದು ಬೇರೆಯವರ ಮಾತನ್ನು.

ರ‍್ಯಾಪ್ ಹಾಗಲ್ಲ. ಬರೆದವನೂ ಅವನೇ, ಹೇಳುವವನೂ ಅವನೇ, ‘ನಾನು’ ಅನ್ನುವವನೂ ಅವನೇ. ನಾನು ಇಂಥ ಬೀದಿಯವನು, ನಮ್ಮಮ್ಮ ಹೀಗೆ, ಪೊಲೀಸರು ನನಗೆ ಹೀಗೆ ಮಾಡಿದರು, ನನಗೆ ಹೀಗನಿಸುತ್ತದೆ. ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ 1970ರ ದಶಕದಲ್ಲಿ ಶುರುವಾದಾಗ ಅದು ಪಾರ್ಟಿಗಳಲ್ಲಿ ಕುಣಿಸುವ ಸಂಗೀತವಾಗಿತ್ತು, ನಿಜ. ಆದರೆ ಮೈಕು ಹಿಡಿದವನು ತನ್ನ ಹೆಸರು ಹೇಳಿಕೊಂಡು ತನ್ನ ಮಾತಾಡುವುದು ಆಗಿನಿಂದಲೂ ಇದೆ. ಅಂಥವನಿಗೆ ಬಾ, ಆದರೆ ನಿನಗೆ ಅನಿಸಿದ್ದು ಹೇಳಬೇಡ ಅಂದರೆ ಏನು ಅರ್ಥ?

ಇಲ್ಲಿ ಹಿಪ್-ಹಾಪ್ ಪ್ರಿಯರ ಒಳಜಗಳವನ್ನೂ ಹೇಳಬೇಕು. ಫೂಟಿಯವರ ಜಗಳಕ್ಕಿಂತ ಅದೇ ನನಗೆ ರುಚಿ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಹುಡುಗನೊಬ್ಬ ಹಿಪ್-ಹಾಪ್ ಅಂದರೆ ಪ್ರಾಣ ಬಿಡುವವನು, ತಾನೇ ಲಕೋಟೆಯಲ್ಲಿ ‘ಹೌದು’ ಹಾಕಿದವನು. ಮ್ಯಾಕ್ಲ್‌ಮೋರ್ ಹೆಸರು ಎತ್ತಿದರೆ ಮಾತ್ರ ಉರಿದು ಬೀಳುತ್ತಿದ್ದ. ಅವನ ಸಿಟ್ಟಿನ ಮೂಲ 2014ರ ಗ್ರ್ಯಾಮಿ. ಆ ವರ್ಷ ಅತ್ಯುತ್ತಮ ರ‍್ಯಾಪ್ ಆಲ್ಬಂ ಪ್ರಶಸ್ತಿ ಕರಿಯ ರ‍್ಯಾಪರ್ ಕೆಂಡ್ರಿಕ್ ಲಮಾರ್‌ಗೆ ಸಿಗದೆ ಮ್ಯಾಕ್ಲ್‌ಮೋರ್‌ಗೆ ಸಿಕ್ಕಿತು. ಕರಿಯರು ಕಟ್ಟಿದ ಕಲೆಯ ಪ್ರಶಸ್ತಿಯನ್ನು ಬಿಳಿಯನಿಗೆ ಕೊಟ್ಟರು ಅಂತ ದೊಡ್ಡ ಗದ್ದಲ. ಆ ರಾತ್ರಿ ಮ್ಯಾಕ್ಲ್‌ಮೋರ್, ನಿನಗೆ ಮೋಸವಾಯಿತು ಅಂತ ಕೆಂಡ್ರಿಕ್‌ಗೆ ಮೆಸೇಜ್ ಕಳಿಸಿದ. ಅಷ್ಟಕ್ಕೇ ಸುಮ್ಮನಿರದೆ ಆ ಮೆಸೇಜಿನ ಚಿತ್ರವನ್ನು ಇನ್‌ಸ್ಟಾಗ್ರಾಂನಲ್ಲಿ ಹಾಕಿದ. ತಪ್ಪೊಪ್ಪಿಗೆಯನ್ನೂ ಪ್ರದರ್ಶನಕ್ಕಿಟ್ಟ ಅಂತ ಅದಕ್ಕೂ ಬೈಸಿಕೊಂಡ. 2016ರಲ್ಲಿ ಬಿಳಿಯನಾಗಿ ತನಗೆ ಸಿಕ್ಕ ಸವಲತ್ತಿನ ಬಗ್ಗೆಯೇ ಒಂದು ಉದ್ದನೆಯ ಹಾಡು ಕಟ್ಟಿದ. ಅದಕ್ಕೂ ಬೈದರು.

ಆ ಹುಡುಗನ ತಕರಾರು ಇಷ್ಟೇ. ಸಲಿಂಗಿ ರ‍್ಯಾಪರ್‌ಗಳೇ ಇದ್ದಾರೆ, ಕರಿಯರೂ ಹೌದು, ಅವರನ್ನು ಯಾರೂ ಗ್ರ್ಯಾಂಡ್ ಫೈನಲ್‌ಗೆ ಕರೆಯುವುದಿಲ್ಲ. ಹೆಂಡತಿ ಮಕ್ಕಳಿರುವ ಒಬ್ಬ ಬಿಳಿಯ ಗಂಡಸು ಬಂದು ಅವರ ಕಷ್ಟ ಹಾಡಿದರೆ ಎಲ್ಲರಿಗೂ ಹಿತ. ಹಿಪ್-ಹಾಪ್‌ನವರು ಸಲಿಂಗಿಗಳನ್ನು ದ್ವೇಷಿಸುತ್ತಾರೆ ಅಂತ ಪಾಠ ಮಾಡಲು ಇವನ್ಯಾರು? ಈ ಮಾತಿನಲ್ಲಿ ಹುರುಳಿದೆ. ನಾನು ಅವನಿಗೆ ಹೇಳಿದ್ದು, ಅದೆಲ್ಲಾ ಸರಿ, ಆದರೆ ಆ ಮೈದಾನದಲ್ಲಿ ಕೂರುವ ಎಂಬತ್ತು ಸಾವಿರ ಜನರಲ್ಲಿ ನನ್ನ ಪಕ್ಕದ ಮನೆಯವರಂಥವರು ಎಷ್ಟಿರುತ್ತಾರೆ ನೋಡು, ಅವರು ಬಾಗಿಲು ತೆಗೆಯುವುದು ಇವನಂಥವನು ತಟ್ಟಿದರೆ ಮಾತ್ರ. ಅವನು ಅದೇ ತಾನೇ ನನ್ನ ಸಿಟ್ಟು ಅಂದ.

ಅಕ್ಟೋಬರ್ 1ರ ಸಂಜೆ ಮ್ಯಾಕ್ಲ್‌ಮೋರ್ ಹಾಡಿದ. ಸಿಡ್ನಿ ಒಲಿಂಪಿಕ್ ಪಾರ್ಕಿನ ಮೈದಾನ ತುಂಬಿತ್ತು, 79,722 ಜನ. ‘ಸೇಮ್ ಲವ್’ ಬಂದಾಗ ಸಲಿಂಗಿಗಳ ಗುರುತಾದ ಕಾಮನಬಿಲ್ಲಿನ ಬಣ್ಣಗಳು ಚಿಮ್ಮಿದವು, ಜನ ಕೂಗಿ ಚಪ್ಪಾಳೆ ಹೊಡೆದರು. ಆಮೇಲೆ ಮೆಲ್ಬರ್ನ್ ಸ್ಟಾರ್ಮ್ ತಂಡ ನಾರ್ತ್ ಕ್ವೀನ್ಸ್‌ಲ್ಯಾಂಡ್ ಕೌಬಾಯ್ಸ್ ತಂಡವನ್ನು 34-6ರಿಂದ ಚಚ್ಚಿಹಾಕಿತು. ಆಟದಲ್ಲಿ ಏನೂ ಸ್ವಾರಸ್ಯ ಇರಲಿಲ್ಲ. ಹಿಂದಿನ ದಿನ ಮೆಲ್ಬರ್ನ್‌ನ ಎಎಫ್‌ಎಲ್ ಫೈನಲ್‌ನಲ್ಲಿ ಅಮೆರಿಕದ ಕಿಲ್ಲರ್ಸ್ ಬ್ಯಾಂಡ್ ಹಾಡಿತ್ತು. ಅವರು ಏನು ಹಾಡುತ್ತಾರೋ ಅಂತ ಒಬ್ಬರೂ ಚಿಂತೆ ಮಾಡಿರಲಿಲ್ಲ.

ನವೆಂಬರ್ 15ಕ್ಕೆ ಫಲಿತಾಂಶ ಬಂತು. ಹೌದು ಅಂದವರು 61.6 ಶೇಕಡಾ. ಮದುವೆ ಕಾನೂನು ಡಿಸೆಂಬರ್‌ನಲ್ಲೇ ಪಾಸಾಯಿತು. ಕ್ಷೇತ್ರವಾರು ಅಂಕಿ ನೋಡಿದಾಗ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ‘ಕ್ರೀಡೆ ಕ್ರೀಡೆಯಾಗಿರಲಿ’ ಅಂದ ಅಬಾಟ್ ಅವರ ಸ್ವಂತ ಕ್ಷೇತ್ರ ವಾರಿಂಗಾದಲ್ಲಿ 75 ಶೇಕಡಾ ಹೌದು. ಅದು ಸಮುದ್ರದ ದಂಡೆಯ ಸಿರಿವಂತರ ಕಡೆ. ನಮ್ಮ ಪ್ಯಾರಮಾಟಾದಲ್ಲಿ 61.6 ಶೇಕಡಾ ಇಲ್ಲ. ದೇಶದ ಅಂಕಿಯೇ, ತಲೆಕೆಳಗಾಗಿ. ಇಡೀ ದೇಶದ 150 ಕ್ಷೇತ್ರಗಳಲ್ಲಿ ಇಲ್ಲ ಗೆದ್ದದ್ದು 17ರಲ್ಲಿ. ಅದರಲ್ಲಿ 12 ನಮ್ಮ ನ್ಯೂ ಸೌತ್ ವೇಲ್ಸ್‌ನಲ್ಲಿ, ಎಲ್ಲ ಸಿಡ್ನಿಯಲ್ಲೇ, ಹೆಚ್ಚಿನವು ಪಶ್ಚಿಮದ ಕಡೆ. ಬ್ಲ್ಯಾಕ್ಸ್‌ಲ್ಯಾಂಡ್ ಕ್ಷೇತ್ರದಲ್ಲಂತೂ ಸುಮಾರು 74 ಶೇಕಡಾ ಇಲ್ಲ. ವಲಸೆ ಬಂದವರ, ದೇವಸ್ಥಾನ, ಮಸೀದಿ, ಚರ್ಚುಗಳ ಸುತ್ತ ಬದುಕು ಕಟ್ಟಿಕೊಂಡವರ ಕ್ಷೇತ್ರಗಳು. ಆ ಮೈದಾನ ನಮಗೆಲ್ಲ ಕೂಗಳತೆ ದೂರದಲ್ಲಿದೆ. ಹಾಡು ಇಲ್ಲೇ ಮೊಳಗಿತು, ಇಲ್ಲಿಯವರು ಅದನ್ನು ಒಪ್ಪಲಿಲ್ಲ.

ಹಾಗಾದರೆ ಹಾಡಿನಿಂದ ಏನಾಯಿತು? ಲಕೋಟೆಯ ಮಟ್ಟಿಗೆ ಏನೂ ಆಗಲಿಲ್ಲ ಅಂತಲೇ ನನ್ನ ಅಂದಾಜು. ಹಾಡು ಕೇಳಿ ಗುರುತು ಬದಲಿಸಿದವರು ನನಗಂತೂ ಯಾರೂ ಸಿಗಲಿಲ್ಲ. ಆದರೆ ಹಾಡಿಗೆ ಮುಂಚಿನ ಆ ಒಂದು ವಾರದ ಜಗಳ ಇತ್ತಲ್ಲ, ಅದು ನಮ್ಮಂಥ ಮನೆಗಳಲ್ಲಿ ಯಾವತ್ತೂ ಬಾಯಿಗೆ ಬಾರದ ಮಾತನ್ನು ಊಟದ ತಟ್ಟೆಯ ಮುಂದೆ ತಂದು ಕೂರಿಸಿತು. ಅದೇ ಆಗಸ್ಟ್ 24ರಂದು ಭಾರತದ ಸುಪ್ರೀಂ ಕೋರ್ಟ್ ಖಾಸಗಿತನ ಮೂಲಭೂತ ಹಕ್ಕು ಅಂತ ತೀರ್ಪು ಕೊಟ್ಟಿತ್ತು. ಅರ್ಜಿ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಅವರ ಅರ್ಜಿ ಆಧಾರ್ ಕುರಿತದ್ದು. ಆದರೆ ಒಬ್ಬ ವ್ಯಕ್ತಿ ಯಾರನ್ನು ಪ್ರೀತಿಸುತ್ತಾನೆ ಅನ್ನುವುದೂ ಖಾಸಗಿತನದ ಭಾಗ ಅಂತ ಆ ತೀರ್ಪಿನಲ್ಲಿ ಬಂತು. ಮುಂದಿನ ವರ್ಷ ಸೆಪ್ಟೆಂಬರ್‌ನಲ್ಲಿ ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ ಸೆಕ್ಷನ್ 377ರ ವಿಷಯ ತೀರ್ಮಾನವಾಗುವಾಗ ಅದು ನೆರವಿಗೆ ಬಂತು. ಖಾಸಗಿತನದ ತೀರ್ಪಿನ ಸುದ್ದಿ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಹೆಮ್ಮೆಯಿಂದ ಹರಿದಾಡಿತ್ತು. ಪುಟ್ಟಸ್ವಾಮಿ ನಮ್ಮವರು ಅಂತ. ಪ್ರೀತಿಯ ಬಗ್ಗೆ ಇದ್ದ ಆ ಸಾಲು ಮಾತ್ರ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಆ ಊಟದ ದಿನ ಅದನ್ನು ಎತ್ತಿ ತೋರಿಸಿದ್ದೂ ಅದೇ ಹುಡುಗಿ.

ಇಲ್ಲಿಗೆ ನಿಲ್ಲಿಸಿದ್ದರೆ ಇದು ಹಳೇ ಕಥೆ. ಆದರೆ ಎಂಟು ವರ್ಷದ ಮೇಲೆ, 2025ರಲ್ಲಿ, ಅದೇ ಜಗಳ ಬಟ್ಟೆ ಬದಲಿಸಿಕೊಂಡು ಬಂತು. ಈ ಸಲ ಎಎಫ್‌ಎಲ್. ಕರೆದದ್ದು ಅಮೆರಿಕದ ರ‍್ಯಾಪರ್ ಸ್ನೂಪ್ ಡಾಗ್‌ನನ್ನು. 2007ರಲ್ಲಿ ಇದೇ ದೇಶ ಹಳೇ ಅಪರಾಧಗಳ ಕಾರಣ ಕೊಟ್ಟು ವೀಸಾ ನಿರಾಕರಿಸಿದ್ದ ಮನುಷ್ಯ. ಈಗ ಗ್ರ್ಯಾಂಡ್ ಫೈನಲ್ ಅತಿಥಿ. ಅದೇ ಆಗಸ್ಟ್‌ನಲ್ಲಿ ಎಎಫ್‌ಎಲ್ ತನ್ನ ಒಬ್ಬ ಆಟಗಾರನನ್ನು ನಾಲ್ಕು ಪಂದ್ಯ ಹೊರಗಿಟ್ಟಿತ್ತು. ಎದುರಾಳಿಗೆ ಸಲಿಂಗಿಗಳನ್ನು ಹೀಯಾಳಿಸುವ ಪದ ಬಳಸಿದ್ದಕ್ಕೆ. ಅಂಥ ಪದಗಳು, ಹೆಂಗಸರ ಬಗ್ಗೆ ಇನ್ನೂ ಕೊಳಕು ಪದಗಳು, ಸ್ನೂಪ್‌ನ ಹಳೇ ಹಾಡುಗಳಲ್ಲಿವೆ. ಸಾಲದ್ದಕ್ಕೆ ಮಕ್ಕಳ ಕಾರ್ಟೂನ್ ಸಿನಿಮಾ ಒಂದರಲ್ಲಿ ಇಬ್ಬರು ಹೆಂಗಸರ ಸಂಸಾರ ತೋರಿಸಿದ್ದು ತನಗೆ ಇರುಸುಮುರುಸಾಯಿತು, ಮೊಮ್ಮಗ ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಾಗಲಿಲ್ಲ ಅಂತ ಅವನು ಹೇಳಿದ ಮಾತೂ ಅದೇ ಹೊತ್ತಿಗೆ ಸುದ್ದಿಯಾಯಿತು.

ಈಗ ಬೇಡ ಅನ್ನುವವರು ಬದಲಾಗಿದ್ದರು. 2017ರಲ್ಲಿ ಹಾಡಲಿ ಬಿಡಿ ಅಂದವರೇ ಈಗ ಇವನನ್ನು ಕೈಬಿಡಿ ಅಂದರು. ಆಗ ಮೈಕ್ ಕಿತ್ತುಕೊಳ್ಳಿ ಅಂದವರು ಈಗ ಸಂಗೀತಕ್ಕೂ ರಾಜಕೀಯಕ್ಕೂ ಏನು ಸಂಬಂಧ, ಮಜಾ ಮಾಡಿ ಅಂದರು. ನನ್ನ ಪಕ್ಕದ ಮನೆಯವರು ಸ್ನೂಪ್ ಹೆಸರು ಕೇಳಿ ಹಿಗ್ಗಿದರು. ಎಎಫ್‌ಎಲ್ ಅವರ ಆಟವೂ ಅಲ್ಲ, ಆದರೂ ನೋಡುತ್ತೇನೆ ಅಂದರು. ಮೊಮ್ಮಕ್ಕಳು ಕೂತಿರುತ್ತಾರಲ್ಲ ಅಂದೆ. ಟಿವಿಯಲ್ಲಿ ಆ ಮಾತೆಲ್ಲಾ ಬರುವುದಿಲ್ಲ ಅಂದರು.

ಎರಡು ಕಡೆಯವರೂ ಒಂದೇ ಅಂತ ತೂಗಿ ಕೈ ತೊಳೆದುಕೊಳ್ಳುವುದು ಸುಲಭ. ನನಗೆ ಹಾಗನಿಸುವುದಿಲ್ಲ. 2017ರಲ್ಲಿ ಹೇಳಿದ್ದು, ಇವರಿಗೂ ಮದುವೆಯ ಹಕ್ಕಿದೆ ಅನ್ನುವ ಹಾಡನ್ನು ಹಾಡಬೇಡ ಅಂತ. 2025ರ ಸಿಟ್ಟಿನಲ್ಲಿ ಬೇರೆ ಒಂದು ಪ್ರಶ್ನೆ ಇತ್ತು. ಮೈದಾನದಲ್ಲಿ ಒಂದು ಪದ ಆಡಿದ ಹುಡುಗನಿಗೆ ಶಿಕ್ಷೆ ಕೊಡುತ್ತೀರಿ, ಅಂಥ ಪದಗಳ ಹಾಡು ಮಾಡಿದವನಿಗೆ ಸಂಭಾವನೆ ಕೊಡುತ್ತೀರಿ, ನಿಮ್ಮ ನಿಯಮ ಯಾವುದು? ಅದು ಸ್ನೂಪ್‌ಗೆ ಕೇಳುವ ಪ್ರಶ್ನೆಯೇ ಅಲ್ಲ. ಅವನು ಮೂವತ್ತು ವರ್ಷದಿಂದ ಹೀಗೇ ಇದ್ದಾನೆ, ಮುಚ್ಚಿಟ್ಟದ್ದೇನೂ ಇಲ್ಲ. ಕರೆದವರಿಗೆ ಕೇಳಬೇಕು. ನನಗೆ ಎರಡು ವರ್ಷಗಳಲ್ಲೂ ಕಾಣುವುದು ಅದೇ. ರ‍್ಯಾಪರ್‌ನ ಹಿಂದೆ ಬರುವ ಜನಸಾಗರ ಸಂಘಟಕರಿಗೆ ಬೇಕು, ಆ ಜನರನ್ನು ಸೇರಿಸಿದ ಬಾಯಿ ಬೇಡ. ಅವನ ಹೆಸರು, ಟೋಪಿ, ತಾಳ ಕೊಂಡುಕೊಂಡು ಮಾತನ್ನು ಮಾತ್ರ ಗೇಟಿನ ಹೊರಗೆ ಬಿಡಿಸಬಹುದು ಅಂದುಕೊಳ್ಳುತ್ತಾರೆ. ಎನ್‌ಆರ್‌ಎಲ್ ಒಂದು ವಿಷಯಕ್ಕೆ ಮೆಚ್ಚಬೇಕು. ಕರೆದ ಮೇಲೆ ಹಿಂಜರಿಯಲಿಲ್ಲ. ಮಂತ್ರಿಗಳು ಗದರಿದರೂ ಹಾಡಿನ ಪಟ್ಟಿ ಬದಲಿಸಲಿಲ್ಲ. ಎಎಫ್‌ಎಲ್ ಕೂಡ ಸ್ನೂಪ್‌ನನ್ನು ಬಿಡಲಿಲ್ಲ, ಆದರೆ ಆ ಆಟಗಾರನ ಪ್ರಶ್ನೆಗೆ ಮನಸ್ಸಿಗೆ ಒಪ್ಪುವ ಉತ್ತರ ನನಗೆ ಯಾರಿಂದಲೂ ಸಿಗಲಿಲ್ಲ. ಸ್ನೂಪ್ ಮೆಲ್ಬರ್ನ್‌ನ ದೊಡ್ಡ ಮೈದಾನದಲ್ಲಿ ಸುಮಾರು ಒಂದು ಲಕ್ಷ ಜನರ ಮುಂದೆ ಹಾಡಿ ಹೋದ. ಬ್ರಿಸ್ಬೇನ್ ತಂಡ ಜೀಲಾಂಗ್ ತಂಡವನ್ನು 47 ಅಂಕಗಳಿಂದ ಸೋಲಿಸಿತು.

ಮ್ಯಾಕ್ಲ್‌ಮೋರ್ ಕಥೆಯೂ ಅಲ್ಲಿಗೆ ಮುಗಿದಿರಲಿಲ್ಲ. 2024ರ ಮೇ ತಿಂಗಳಲ್ಲಿ ಅವನು ಗಾಜಾದ ಬಗ್ಗೆ, ಅಮೆರಿಕದ ವಿದ್ಯಾರ್ಥಿಗಳ ಪ್ರತಿಭಟನೆಯ ಬಗ್ಗೆ ಒಂದು ಹಾಡು ತಂದ. ಸುಡಾನ್ ಯುದ್ಧದಲ್ಲಿ ಯುಎಇ ಪಾತ್ರ ಇದೆ ಅಂತ ಹೇಳಿ ದುಬೈ ಕಾರ್ಯಕ್ರಮವನ್ನು ತಾನೇ ರದ್ದು ಮಾಡಿದ. ಸೆಪ್ಟೆಂಬರ್‌ನಲ್ಲಿ ಸಿಯಾಟಲ್‌ನ ವೇದಿಕೆಯ ಮೇಲೆ ಅಮೆರಿಕಕ್ಕೇ ಬೈದ. ಲಾಸ್ ವೇಗಸ್‌ನ ಒಂದು ಉತ್ಸವ ಅವನ ಹೆಸರನ್ನು ಪಟ್ಟಿಯಿಂದ ತೆಗೆಯಿತು. 2017ರಲ್ಲಿ ಅವನನ್ನು ಹೊತ್ತು ಮೆರೆದ ಕೆಲವರು ಈ ಸಲ, ಇವನಿಗ್ಯಾಕೆ ಬೇಕಿತ್ತು, ಹಾಡಿಕೊಂಡು ಇರಬಾರದಾ ಅಂದರು. ಹೌದು, ನನಗೆ ಗೊತ್ತಿರುವವರೇ.

ಇದನ್ನೆಲ್ಲಾ ಮೊನ್ನೆ ಅದೇ ಹುಡುಗಿಯ ಹತ್ತಿರ ಹೇಳುತ್ತಿದ್ದೆ. ಈಗ ಅವಳು ಯೂನಿವರ್ಸಿಟಿ ಮುಗಿಸಿದ್ದಾಳೆ, ವಾದ ಮಾಡುವುದನ್ನು ಚೆನ್ನಾಗಿ ಕಲಿತಿದ್ದಾಳೆ. ಎಲ್ಲ ಕೇಳಿಸಿಕೊಂಡು, ‘ಕಾನ್ಯೆ ವೆಸ್ಟ್ ವಿಷಯ ಏನು ಹೇಳ್ತೀರಾ ಅಂಕಲ್?’ ಅಂದಳು.

ಅಲ್ಲಿ ಸಿಕ್ಕಿಹಾಕಿಕೊಂಡೆ. ಕಾನ್ಯೆಯೂ ಅಮೆರಿಕದ ದೊಡ್ಡ ರ‍್ಯಾಪರ್. 2025ರ ಮೇ ತಿಂಗಳಲ್ಲಿ ಅವನು ಹಿಟ್ಲರ್‌ಗೆ ಜೈ ಅನ್ನುವ ಹಾಡು ಬಿಟ್ಟ. ಅದಾದ ಮೇಲೆ ಆಸ್ಟ್ರೇಲಿಯಾ ಅವನ ವೀಸಾ ರದ್ದು ಮಾಡಿದೆ ಅಂತ ಜುಲೈನಲ್ಲಿ ಗೃಹಮಂತ್ರಿ ಟೋನಿ ಬರ್ಕ್ ಹೇಳಿದರು. ಅದು ಸಂಗೀತ ಕಾರ್ಯಕ್ರಮಕ್ಕೆ ಬರುವ ವೀಸಾ ಕೂಡ ಆಗಿರಲಿಲ್ಲ. ಅವನ ಹೆಂಡತಿಯ ಮನೆಯವರು ಮೆಲ್ಬರ್ನ್‌ನವರು. ಸುದ್ದಿ ಓದಿದಾಗ ನನಗೆ ಒಂದಿಷ್ಟೂ ಬೇಸರವಾಗಿರಲಿಲ್ಲ. ಒಳ್ಳೇದಾಯ್ತು ಅಂದುಕೊಂಡಿದ್ದೆ. ಇನ್ನೊಂದು ಸಣ್ಣ ವಿಷಯ, ಬರ್ಕ್ ಅವರ ಕ್ಷೇತ್ರ ವಾಟ್ಸನ್. 2017ರಲ್ಲಿ ಸುಮಾರು 70 ಶೇಕಡಾ ‘ಇಲ್ಲ’ ಅಂದ ಜಾಗ. ಅವರು ಕ್ಷೇತ್ರದ ಮಾತು ಮೀರಿ ಸಂಸತ್ತಿನಲ್ಲಿ ಹೌದು ಅಂದವರು.

‘ಒಂದು ಹಾಡು ಇನ್ನೊಬ್ಬರನ್ನು ಒಳಗೆ ಕರೆಯುತ್ತೆ, ಇನ್ನೊಂದು ಜನರನ್ನ ಸುಟ್ಟವನನ್ನ ಹೊಗಳುತ್ತೆ. ಎರಡೂ ಒಂದೇನಾ?’ ಅಂದೆ.

‘ಒಂದೇ ಅಂತ ನಾನೆಲ್ಲಿ ಅಂದೆ? ಅದನ್ನ ಅಳೆಯೋರು ಯಾರು ಅಂತ ಕೇಳಿದೆ. ನೀವು ಕರೆದವರನ್ನ ಕೇಳಬೇಕು ಅಂತೀರಿ. ವೀಸಾ ವಿಷಯದಲ್ಲಿ ಕರೆಯೋದು ಬಿಡೋದು ಸರ್ಕಾರ. ಆವತ್ತು ಅಬಾಟ್, ಡಟನ್ ಕೂಡ ಸರ್ಕಾರದ ಕಡೆಯವರೇ ಅಲ್ವಾ? ಅವರ ಅಳತೆಗೋಲಲ್ಲಿ ಅಳೆದಿದ್ರೆ?’

ಸರ್ಕಾರಕ್ಕೆ ಆ ಅಧಿಕಾರ ಇರಬಾರದು, ನಾವು ಕೇಳುಗರು ಟಿಕೆಟ್ ಕೊಳ್ಳದೆ ಇರಬಹುದು, ಎದ್ದು ಹೋಗಬಹುದು, ಕರೆದವರಿಗೆ ಛೀಮಾರಿ ಹಾಕಬಹುದು, ಅಷ್ಟೇ ಸಾಕು ಅಂದೆ. ‘ಹಾಗಾದ್ರೆ ಕಾನ್ಯೆ ವೀಸಾ ವಾಪಸ್ ಕೊಡಬೇಕು ಅಂತೀರಾ?’ ಅಂದಳು. ಅಷ್ಟು ದೂರ ಹೋಗಲು ನನಗೆ ಬಾಯಿ ಬರಲಿಲ್ಲ. ಹಿಟ್ಲರ್ ವಿಷಯ ಬೇರೆ ಅಂದೆ. ‘ನಿಮ್ಮ ಪಕ್ಕದ ಮನೆಯವರಿಗೂ ಮದುವೆ ವಿಷಯ ಬೇರೇನೇ ಆಗಿತ್ತು’ ಅಂದಳು. ಅದು ಹೋಲಿಕೆಯೇ ಅಲ್ಲ ಅಂತ ನಾನು, ಹೋಲಿಕೆ ಹಾಡುಗಳದ್ದಲ್ಲ, ಅಧಿಕಾರದ್ದು ಅಂತ ಅವಳು. ಅವಳಮ್ಮ ಕಾಫಿ ತಂದಿಟ್ಟು ಹೋದದ್ದೂ ಗೊತ್ತಾಗಲಿಲ್ಲ. ಅವಳು ಇನ್ನೂ ಒಪ್ಪಿಲ್ಲ. ಮುಂದಿನ ವಾರ ಬರುತ್ತಾಳಂತೆ, ವಾದ ಮುಗಿಸಲು.